ಗೋ 92.5 ಯಾಕೆ ಹಿಂದಿಗೆ ತಿರುಗ್ತು?

ಘಣಸೋಲಿಯ ಗೆಳೆಯರೊಬ್ರು ಕೇಳಿದ್ರು: ಇಲ್ಲಿ ಎಫ್‌ಎಂ ತಿರುಗಿಸಿದ್ರೆ ಬರೀ ಹಿಂದಿ. ಕನ್ನಡ ಬಿಡಿ, ರಾಕ್ ಹಾಕೋ ಸ್ಟೇಷನ್ ಕೂಡ ಯಾಕೆ ನಿಲ್ಲಲ್ಲ?

ನವಿ ಮುಂಬೈನಲ್ಲಿ ನಾವು ಕೇಳೋದು ಮುಂಬೈ ಸ್ಟೇಷನ್‌ಗಳನ್ನೇ. ಅಲ್ಲಿ 2002ರಲ್ಲಿ ಮಿಡ್-ಡೇ ಗುಂಪು ಗೋ 92.5 ಶುರು ಮಾಡ್ತು. ಇಂಗ್ಲಿಷ್ ಹಾಡು, ಇಂಗ್ಲಿಷ್ ಮಾತು. ಕೇಳೋರು ಕಡಿಮೆ, ಆದ್ರೆ ಕೈಯಲ್ಲಿ ಕಾಸಿರೋರು ಅನ್ನೋ ಲೆಕ್ಕ.

ಈ ಲೆಕ್ಕಕ್ಕೆ ಅಡ್ಡ ಬಂದಿದ್ದು, ನನ್ನ ಪ್ರಕಾರ, ಲೈಸೆನ್ಸ್. ಸ್ಟೇಷನ್ ದುಡೀಲಿ ಬಿಡ್ಲಿ, ಹರಾಜಲ್ಲಿ ಕೂಗಿದ ಶುಲ್ಕ ಕಟ್ಟಲೇಬೇಕಿತ್ತು. ಅದೂ ವರ್ಷಕ್ಕೆ ಶೇ. 15 ಏರ್ತಿತ್ತು. ಹತ್ತನೇ ವರ್ಷಕ್ಕೆ ಹೆಚ್ಚುಕಮ್ಮಿ ಮೂರೂವರೆ ಪಟ್ಟು! (ನಮ್ಮ ಇನ್‌ಕ್ರಿಮೆಂಟ್ ಹೀಗಿರಬಾರದಿತ್ತಾ?) ಸುದ್ದಿ ಓದೋ ಹಾಗಿಲ್ಲ, ಹಾಡೇ ಸರಕು. ಹಾಗಿದ್ದಾಗ ಹೆಚ್ಚು ಜನ ಇರೋ ಕಡೆ ಓಡದೆ ಇನ್ನೇನು? 2005ರ ನೀತಿ ಬಂದ ಮೇಲೆ ಪ್ರವೇಶ ಶುಲ್ಕ ಒಂದೇ ಸಲ, ಆಮೇಲೆ ಮುಖ್ಯವಾಗಿ ವರಮಾನದ ಶೇ. 4.

ಗೋ ಅಷ್ಟೊತ್ತಿಗೆ ಹೆಸರು ಬದಲಿಸಿ ರೇಡಿಯೋ ಒನ್ ಆಗೋ ದಾರೀಲಿತ್ತು, ಹಿಂದಿಗೂ ತಿರುಗ್ತು. ತಮಾಷೆ ಅಂದ್ರೆ 2010ರ ದಶಕದಲ್ಲಿ ಅದೇ ರೇಡಿಯೋ ಒನ್ 94.3 ಮತ್ತೆ ಇಂಗ್ಲಿಷ್‌ಗೆ ಬಂತು. ಎಲ್ರೂ ಹಿಂದೀಲಿದ್ದಾಗ ಬೇರೆ ನಿಲ್ಲೋದೂ ವ್ಯಾಪಾರನೇ.

ಬೆಂಗಳೂರಲ್ಲಿ ಇದೇ ಆಟ ಬೇರೆ ಥರ ಆಯ್ತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ ಬಂದ ರೇಡಿಯೋ ಸಿಟೀಲಿ ಹಿಂದಿ, ಇಂಗ್ಲಿಷೇ ಜಾಸ್ತಿ. ಆಮೇಲೆ ಕನ್ನಡಕ್ಕೆ ಹೊರಳ್ತು. ಇಂಗ್ಲಿಷ್ ಬೇಕಾದೋರಿಗೆ 2006ರಲ್ಲಿ ಇಂಡಿಗೋ 91.9 ಬಂತು.

ಮುಂಬೈ ಸುತ್ತ ಕನ್ನಡಿಗರು ಲಕ್ಷಗಟ್ಟಲೆ ಇದ್ದೀವಿ, ಆದ್ರೆ ಘಣಸೋಲಿಯಿಂದ ಡೊಂಬಿವಲಿವರೆಗೆ ಚದುರಿದ್ದೀವಿ. ಜಾಹೀರಾತು ಮಾರೋರ ಲೆಕ್ಕದಲ್ಲಿ ನಾವೂ ಹಿಂದಿ ಕೇಳೋರೇ.