ತಲೆಗೆ ನೀರು ಹಾಕುವಾಗ ಬರುವ ಮೂರ್ಛೆ

ಫಿಟ್ಸ್ ಎಂದರೆ ಕೈಕಾಲು ಸೆಟೆಯಬೇಕು, ಬಾಯಲ್ಲಿ ನೊರೆ ಬರಬೇಕು ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ. ಹಾಗಾಗಿ ಬಚ್ಚಲುಮನೆಯಲ್ಲಿ ಬರುವ ಒಂದು ಬಗೆಯ ಮೂರ್ಛೆ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿದುಬಿಡುತ್ತದೆ.

ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಮೊಗೆದು ಒಂದೇ ಸಮನೆ ನೆತ್ತಿಗೆ ಸುರಿಯುತ್ತಿರುವಾಗ ಹುಡುಗನ ಕಣ್ಣು ಇದ್ದಕ್ಕಿದ್ದಂತೆ ಎತ್ತಲೋ ನೆಟ್ಟುಬಿಡುತ್ತದೆ. ಕರೆದರೆ ಓಗೊಡುವುದಿಲ್ಲ. ಸಂಬಂಧವಿಲ್ಲದ್ದನ್ನು ಬಡಬಡಿಸುತ್ತಾನೆ, ಬೆದರುತ್ತಾನೆ. ಇಲ್ಲದ್ದು ಕಂಡಂತೆ, ಕೇಳಿದಂತೆ ಆಗುವುದೂ ಉಂಟು. ತುಸು ಹೊತ್ತಿನಲ್ಲಿ ತಾನಾಗಿಯೇ ಸರಿಹೋಗುತ್ತಾನೆ. ಕೆಲವರಲ್ಲಿ ಇದೇ ಮುಂದುವರಿದು ಮೈಯೆಲ್ಲ ಅದುರುತ್ತದೆ. ಇನ್ನು ಕೆಲವರಿಗೆ ಆ ಹೊತ್ತು ಹಿತವೆನಿಸಿ, ಸಾಕೆಂದರೂ ನೀರು ಹುಯ್ದುಕೊಳ್ಳುತ್ತಲೇ ಇರುತ್ತಾರೆ. ಮನೆಯವರು ಹಟ ಎನ್ನುತ್ತಾರೆ, ಇಲ್ಲವೇ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಆದರೆ ಇದು ಮಿದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆ ಅಂಕೆ ತಪ್ಪಿದ್ದರ ಗುರುತು.

ಈ ಬಿಸಿನೀರಿನ ಅಪಸ್ಮಾರದ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂತು. ಆದರೆ ಅತಿ ಹೆಚ್ಚಾಗಿ ಕಂಡುಬಂದಿರುವುದು ದಕ್ಷಿಣ ಕರ್ನಾಟಕದಲ್ಲಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ 1970ರ ದಶಕದಲ್ಲೇ ಇದನ್ನು ಅಭ್ಯಾಸ ಮಾಡಿದ್ದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ನಮ್ಮ ಸ್ನಾನದ ರೀತಿಗೂ ಇದಕ್ಕೂ ನಂಟಿದೆ: 40ರಿಂದ 50 ಡಿಗ್ರಿ ಬಿಸಿಯ ನೀರು ತಲೆಯ ಮೇಲೆ ಬೇಗಬೇಗ ಬೀಳಬೇಕು. ಅದೇ ನೀರನ್ನು ಬರೀ ಮೈಗೆ ಹುಯ್ದುಕೊಂಡರೆ ಸಾಮಾನ್ಯವಾಗಿ ಏನೂ ಆಗದು. ಕೆಲವು ಮನೆತನಗಳಲ್ಲಿ ಹಲವರಿಗೆ ಬರುವುದರಿಂದ ವಂಶವಾಹಿಗಳ ಪಾತ್ರವೂ ಇದೆ.

ಉಪಾಯ ಅನೇಕರ ಪಾಲಿಗೆ ಸರಳ. ನೀರು ಉಗುರುಬೆಚ್ಚಗಿರಬೇಕು, ತಲೆಗೆ ನಿಧಾನವಾಗಿ ಹಾಕಬೇಕು. ಅಷ್ಟಕ್ಕೆ ನಿಲ್ಲದಿದ್ದರೆ ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ತೆಗೆದುಕೊಳ್ಳಲು ವೈದ್ಯರು ಹೇಳುವುದುಂಟು. ಬಚ್ಚಲಿನ ಚಿಲಕ ಹಾಕಿಕೊಳ್ಳದಿರುವುದು ಒಳ್ಳೆಯದು. ಮೂರ್ಛೆ ಬಂದಾಗ ನೀರು ನಿಲ್ಲಿಸಿ, ಮಗ್ಗುಲಾಗಿ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ದಯವಿಟ್ಟು ಬೇಡ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಲೇಬೇಕು.

ಸ್ನಾನವಿಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ಬಹುಪಾಲು ರೋಗಿಗಳಲ್ಲಿ ಸರಿಯಾಗಿಯೇ ಇರುತ್ತದೆ. ಹಾಗಾಗಿ ಕಣ್ಣಾರೆ ಕಂಡವರ ಮಾತಿಗೇ ಇಲ್ಲಿ ಹೆಚ್ಚು ಬೆಲೆ. ರೋಗಿಯ ಜೊತೆಗೆ ಸ್ನಾನ ಮಾಡಿಸಿದವರೇ ಹೋಗಲಿ: ನೀರೆಷ್ಟು ಬಿಸಿಯಿತ್ತು, ನೋಟ ಹೇಗಿತ್ತು, ಎಷ್ಟು ಹೊತ್ತು ಇತ್ತು ಎಂದು ಹೇಳಲಿ. ಸ್ನಾನವಿಲ್ಲದಾಗಲೂ ಹೀಗಾಗಿದೆಯೇ ಎಂಬುದನ್ನಂತೂ ಮರೆಯಬಾರದು. ಆಗಿದ್ದರೆ ದಿನವೂ ಮಾತ್ರೆ ಬೇಕಾಗುತ್ತದೆ.