ಮೀನಿನ ಮೈಯಲ್ಲಿ ಲೋಹವಿಷ

ಮೀನು ಕೊಳ್ಳಲು ಹೋದವರು ಮೊದಲು ಅದರ ಕಿವಿರನ್ನೆತ್ತಿ ನೋಡುತ್ತಾರೆ. ಕೆಂಪಗಿದ್ದರೆ ಮೀನು ತಾಜಾ, ಕಂದಿದ್ದರೆ ಹಳತು. ತಲೆಮಾರುಗಳಿಂದ ಬಂದ ಈ ಪರೀಕ್ಷೆ ಇಂದಿಗೂ ಸುಳ್ಳಾಗಿಲ್ಲ. ಆದರೆ ಆ ಮೀನು ಎಂತಹ ನೀರಿನಲ್ಲಿ ಉಸಿರಾಡಿ ಬೆಳೆಯಿತೆಂಬುದನ್ನು ಈ ಪರೀಕ್ಷೆ ಹೇಳಲಾರದು. ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ, ತಾಮ್ರ, ಸತು ಮೊದಲಾದ ಭಾರಲೋಹಗಳು ನೀರಿನಲ್ಲಿ ಕರಗಿದ್ದರೆ ಅವಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇರಬೇಕೆಂದಿಲ್ಲ.

ಹೊಳೆ ನಿಂತಾಗ

ಬಾಗಲಕೋಟೆ ಜಿಲ್ಲೆ ಹೊಳೆಗಳ ನಾಡು. ಘಟಪ್ರಭೆಯ ದಡದಲ್ಲಿ ಬಾಗಲಕೋಟೆ ಬೆಳೆಯಿತು. ಮಲಪ್ರಭೆಯು ಬಾದಾಮಿ ಸೀಮೆಯ ಪಟ್ಟದಕಲ್ಲನ್ನೂ ಅದರಾಚೆಯ ಐಹೊಳೆಯನ್ನೂ ಹಾದು, ಹುನಗುಂದದ ಕಡೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಮುಂದೆ ಹಳೆಯ ಬಾಗಲಕೋಟೆಯ ಒಂದು ಭಾಗವನ್ನೇ ಮುಳುಗಿಸಿತು. ಜನರಿಗಾಗಿ ನವನಗರ ತಲೆಯೆತ್ತಿತು. ಹರಿಯುತ್ತಿದ್ದ ಹೊಳೆ ಸಾಗರದಂತೆ ನಿಂತಿತು.

ಹರಿವ ನೀರು ಕೊಳೆಯನ್ನು ಕೊಚ್ಚಿಕೊಂಡು ಹೋಗುತ್ತದೆ. ನಿಂತ ನೀರು ಹೊತ್ತು ತಂದ ಮೆಕ್ಕಲನ್ನು ತಳದಲ್ಲಿ ಇಳಿಸುತ್ತದೆ. ಲೋಹಗಳು ಅಂಟಿಕೊಳ್ಳುವುದು ಈ ನುಣ್ಣನೆಯ ಮೆಕ್ಕಲಿಗೇ. ಊರ ಚರಂಡಿಯ ಕೊಳಕು ಕಾಲಾಂತರದಲ್ಲಿ ಕೊಳೆತು ಮಣ್ಣಾದೀತು, ಸೀಸ ಕೊಳೆಯುವುದಿಲ್ಲ. ಇಂದು ಬಿದ್ದ ಒಂದು ಗುಂಜಿಯೂ ಮೊಮ್ಮಕ್ಕಳ ಕಾಲಕ್ಕೆ ಸೀಸವಾಗಿಯೇ ಉಳಿದಿರುತ್ತದೆ.

ಉಸಿರಿನ ದಾರಿಯಲ್ಲಿ

ಲೋಹದ ಮೊದಲ ಪೆಟ್ಟು ಬೀಳುವುದು ಕಿವಿರಿನ ಮೇಲೆ. ರಕ್ತಕ್ಕೂ ನೀರಿಗೂ ನಡುವೆ ಅಲ್ಲಿರುವುದು ಅತಿ ತೆಳುವಾದೊಂದು ಪೊರೆ. ತಾಮ್ರ ಹೆಚ್ಚಾದರೆ ಮೀನಿನ ಮೈಯ ಉಪ್ಪಿನಂಶ ಸೋರಿಹೋಗುತ್ತದೆ; ಮೂಗಿನ ಸೂಕ್ಷ್ಮತೆ ಕುಂದಿ, ಹಗೆಯ ವಾಸನೆಯೂ ತಿಳಿಯದಾಗುತ್ತದೆ. ಕ್ಯಾಡ್ಮಿಯಂ ಮೈಗೆ ಸೇರಬೇಕಾದ ಸುಣ್ಣದ ಅಂಶವನ್ನು ತಡೆದು, ಮೂತ್ರಪಿಂಡದಲ್ಲಿ ಬೀಡುಬಿಡುತ್ತದೆ. ಬಹುಕಾಲ ಸೀಸವುಂಡ ಮೀನಿನ ರಕ್ತ ಕೆಡುತ್ತದೆ. ಕೆಲವು ಜಾತಿಗಳಲ್ಲಿ ಬಾಲ ಕಪ್ಪಾಗಿ ಬೆನ್ನುಮೂಳೆಯೇ ಬಾಗುವುದುಂಟು. ಸತ್ತು ತೇಲುವ ಮೀನುಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಬದುಕಿದ್ದೂ ಬಡವಾಗಿ, ಮೊಟ್ಟೆ ಕಡಮೆಯಿಟ್ಟು, ಮರಿಗಳನ್ನು ಕಳೆದುಕೊಳ್ಳುವ ಮೀನಿನ ಕಥೆಯನ್ನು ತಿಳಿಯುವವನು ಬಲೆ ಬರಿದಾದ ಬೆಸ್ತನೊಬ್ಬನೇ.

ಮನುಷ್ಯನಿಗೆ ಹಿತವಾದ ನೀರು ಮೀನಿಗೂ ಹಿತವೆಂದು ಹೇಳುವಂತಿಲ್ಲ. ಭಾರತದ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ 5 ಮಿಲಿಗ್ರಾಂವರೆಗೆ ಸತು ಇರಬಹುದು. ಮೆದು ನೀರಿನಲ್ಲಿ ವಾಸಿಸುವ ಸೂಕ್ಷ್ಮ ಜಾತಿಯ ಮೀನುಗಳಿಗೆ ಒಂದು ಮಿಲಿಗ್ರಾಂಗಿಂತ ಕಡಮೆಯೂ ಪ್ರಾಣಾಂತಿಕವಾದೀತು.

ಇಲ್ಲಿ ಬಾಗಲಕೋಟೆಯ ನೆಲ ಮೀನಿಗೆ ಕೊಂಚ ನೆರವಾಗುತ್ತದೆ. ಸಿಮೆಂಟಿಗೆ ಒದಗುವ ಸುಣ್ಣಕಲ್ಲು ಈ ಸೀಮೆಯಲ್ಲಿ ಹೇರಳ. ಸುಣ್ಣದಂಶ ಕರಗಿದ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಕಿವಿರಿನ ಬಾಗಿಲಲ್ಲಿ ಲೋಹದೊಡನೆ ಪೈಪೋಟಿಗಿಳಿದು, ತಾಮ್ರ, ಸತು, ಕ್ಯಾಡ್ಮಿಯಂಗಳ ಉಪಟಳವನ್ನು ತಗ್ಗಿಸುತ್ತದೆ. ಆದರೆ ಈ ಕಾವಲು ಒಂದೇ ಬಾಗಿಲಿಗೆ. ಕೆಸರಿನ ಹುಳುವನ್ನು ಮೃಗಾಲ್ ಮೀನು ತಿಂದಾಗ ಲೋಹವು ಹೊಟ್ಟೆಯ ಹಾದಿಯಿಂದ ಒಳಗೆ ಬರುತ್ತದೆ. ಚಿಕ್ಕ ಮೀನನ್ನು ಬಾಳೆಮೀನು ನುಂಗುತ್ತದೆ. ಬಾಳೆಮೀನು ಅಡುಗೆಮನೆಗೆ ಬರುತ್ತದೆ.

ಕುದಿಸಿದರೂ ಹೋಗದು

ಪಾದರಸದ ಬಗೆ ಇನ್ನೂ ವಿಷಮ. ಕೆಸರಿನ ಅಣುಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋದಂತೆಲ್ಲ ಹೆಚ್ಚುತ್ತದೆ. ಜಪಾನಿನ ಮಿನಮಾಟ ಕೊಲ್ಲಿಯ ಮೀನುಂಡವರ ನರಗಳು ಕೆಟ್ಟು, ಮಾತು ತೊದಲಿ, ಅನೇಕರು ಸತ್ತದ್ದು 1956ರಲ್ಲಿ ಲೋಕಕ್ಕೆ ತಿಳಿಯಿತು. ಅದು ಕಡಲಿನ ಮಾತು. ಸಿಹಿನೀರಿನ ಜಲಾಶಯದಲ್ಲೂ ಪಾದರಸದ ನಡೆ ಅದೇ.

ಸೀಸ, ಕ್ಯಾಡ್ಮಿಯಂಗಳು ಹೆಚ್ಚಾಗಿ ಸೇರುವುದು ಕಿವಿರು, ಪಿತ್ತಜನಕಾಂಗ, ಮೂತ್ರಪಿಂಡ, ಮೂಳೆಗಳಲ್ಲಿ. ಒಳಭಾಗಗಳನ್ನು ತೆಗೆದು ಮಾಡುವ ನಮ್ಮ ಅಡುಗೆಯ ಕ್ರಮ ಆ ಮಟ್ಟಿಗೆ ಒಳ್ಳೆಯದು. ಪಾದರಸವಾದರೋ ಮಾಂಸದಲ್ಲಿಯೇ ನೆಲೆಸುತ್ತದೆ. ತೊಳೆದರೂ ಕುದಿಸಿದರೂ ಹೋಗದು. ಹೀಗೆಂದು ಮೀನನ್ನೇ ಬಿಡಬೇಕಾಗಿಲ್ಲ. ಅದು ಉತ್ತಮ ಆಹಾರ. ಕಾಯಬೇಕಾದದ್ದು ನೀರನ್ನು.

ಮೂಲದಲ್ಲಿಯೇ ತಡೆ

ಇಳಕಲ್ ಸೀರೆಯ ದಾಳಿಂಬೆಗೆಂಪಿನ ಸೆರಗು ನಾಡಿಗೆಲ್ಲ ಹೆಮ್ಮೆ. ನೂಲಿಗೆ ಬಣ್ಣ ಕಟ್ಟುವ ಕಸುಬಿನಲ್ಲಿ ಬಳಸುವ ರಾಸಾಯನಿಕ ಬಣ್ಣಗಳಲ್ಲಿ ಕೆಲವು ಕ್ರೋಮಿಯಂ, ತಾಮ್ರಗಳನ್ನೊಳಗೊಂಡಿರುತ್ತವೆ. ಎಲ್ಲ ಬಣ್ಣವೂ ವಿಷವಲ್ಲ; ನೂಲಿಗೆ ಹತ್ತದೆ ಉಳಿದ ನೀರನ್ನು ಶುದ್ಧಿಗೊಳಿಸದೆ ಹಳ್ಳಕ್ಕೆ ಬಿಡಬಾರದೆಂಬುದಷ್ಟೇ ವಿವೇಕ. ಯಾವ ಊರಿನ ಯಾವ ಕಸುಬಿಗೂ ಇದೇ ಮಾತು ಸಲ್ಲುತ್ತದೆ. ಜಲಮಾಲಿನ್ಯವನ್ನು ತಡೆಯುವ ಕಾನೂನು ಬಂದದ್ದು 1974ರಲ್ಲಿ. ಕರ್ನಾಟಕದಲ್ಲಿ ಅದನ್ನು ಜಾರಿಗೊಳಿಸುವ ಮಂಡಳಿ ಹುಟ್ಟಿದ್ದೂ ಅದೇ ವರ್ಷ.

ಮನೆಗಳ ಪಾಲೂ ಚಿಕ್ಕದಲ್ಲ. ಹಳೆಯ ಬ್ಯಾಟರಿ, ಒಡೆದ ಪಾದರಸದ ಉಷ್ಣಮಾಪಕ, ಉಳಿದ ಬಣ್ಣದ ಡಬ್ಬಿ ಇವು ಕಸದ ಬುಟ್ಟಿಗೆ ಬಿದ್ದರೆ ಮಳೆಗಾಲದಲ್ಲಿ ಹೊಳೆಯ ಹಾದಿ ಹಿಡಿಯಬಹುದು. ಗಣೇಶನ ಹಬ್ಬದಲ್ಲಿ ಬಣ್ಣ ಬಳಿಯದ ಮಣ್ಣಿನ ಮೂರ್ತಿಯನ್ನು ತಂದರೆ ಭಕ್ತಿಗೇನೂ ಕೊರತೆಯಾಗದು, ಕೆರೆಯ ಮೀನಿಗೂ ಕೇಡಾಗದು. ಆಗ ಕಿವಿರೆತ್ತಿ ನೋಡುವ ಹಳೆಯ ಪರೀಕ್ಷೆಯೂ ನೆಮ್ಮದಿಯಿಂದ ನಡೆದೀತು.