ಹೆಬ್ಬೆರಳಿನ ಬುಡ ನೋಯುತ್ತಿದೆಯೇ?

ಚಳಿಗಾಲ ಬಂತೆಂದರೆ ಜಯನಗರ 4ನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಸೊಗಡಿನ ಅವರೆಕಾಯಿಯ ರಾಶಿ. ಸುತ್ತಲ ಮನೆಗಳಲ್ಲಿ ಕಾಳು ನೆನೆಹಾಕಿ ಹಿತಕುವ ಸಂಭ್ರಮ. ಎಲ್ಲರೂ ಹಿತಕಿದ ಬೇಳೆ ಸಾರು ಚಪ್ಪರಿಸಿ ಮಲಗಿದ ಮೇಲೆ, ಒಬ್ಬರ ಹೆಬ್ಬೆರಳು ಮಾತ್ರ ರಾತ್ರಿಯೆಲ್ಲಾ ಮಿಡಿಯುತ್ತಿರುತ್ತದೆ. ಅವರು ಯಾರೆಂದು ಹೇಳಬೇಕಿಲ್ಲ, ಅಲ್ಲವೇ? ನಿಮ್ಮೂರಿನಲ್ಲೂ ಇದೇ ಕಥೆ. "ವಯಸ್ಸಾಯ್ತು, ಇನ್ನೇನು" ಎಂದು ಸುಮ್ಮನಾಗಬೇಡಿ.

ಕಾರಣವೇನು?

ಹೆಬ್ಬೆರಳು ಮಣಿಕಟ್ಟನ್ನು ಸೇರುವಲ್ಲಿ ಕುದುರೆಯ ಜೀನಿನಂಥ ಪುಟ್ಟ ಕೀಲಿದೆ. ಅದರ ಮೃದ್ವಸ್ಥಿ ಸವೆದರೆ ಸಂಧಿವಾತ. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಬೆರಳ ತುದಿಯಲ್ಲಿ 1 ಕಿಲೋ ಬಲ ಹಾಕಿ ಚಿವುಟಿದರೆ ಬುಡದ ಕೀಲಿಗೆ ಸುಮಾರು 12 ಕಿಲೋ ಒತ್ತಡ ಬೀಳುತ್ತದೆಂದು 1977ರಲ್ಲಿ ಅಮೆರಿಕದ ತಜ್ಞರು ಲೆಕ್ಕ ಹಾಕಿದರು. ಅವರೆ ಹಿತಕುವುದು, ಇಕ್ಕಳ ಹಿಡಿಯುವುದು, ಬಟ್ಟೆ ಹಿಂಡುವುದು ಎಲ್ಲವೂ ಈ ಕೀಲಿಗೇ ಭಾರ.

ಭಾರ ಇಳಿಸಿ

ಕೈಗೆ ಪೂರ್ತಿ ವಿಶ್ರಾಂತಿ ಬೇಡ, ಭಾರವನ್ನು ಬೆರಳ ತುದಿಯಿಂದ ಅಂಗೈಗೆ ಸರಿಸಿದರೆ ಸಾಕು. ಇಕ್ಕಳದ ಬದಲು ಎರಡೂ ಕಡೆ ಹಿಡಿಯಿರುವ ಪಾತ್ರೆ ಬಳಸಿ. ಚಾಕು, ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಅವರೆ ಹಿತಕಲು ಮನೆಯವರನ್ನೂ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ತಿನ್ನುವವರೆಲ್ಲ ಹಿತಕಲಿ!

ದಿನಕ್ಕೆರಡು ಬಾರಿ ವ್ಯಾಯಾಮ

ಮೊದಲು 10 ನಿಮಿಷ ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ. ಸಕ್ಕರೆ ಕಾಯಿಲೆಯವರು ನೀರಿನ ಬಿಸಿಯನ್ನು ಬೇರೆಯವರಿಂದ ಪರೀಕ್ಷಿಸಿಕೊಳ್ಳಿ. ಆಮೇಲೆ:

1. ಹೆಬ್ಬೆರಳು, ತೋರುಬೆರಳ ನಡುವಿನ ಮಾಂಸಖಂಡವನ್ನು ಮೆಲ್ಲಗೆ ನೀವಿ.

2. ಲೋಟ ಹಿಡಿದಂತೆ ಆ ಎರಡೂ ಬೆರಳನ್ನು ದುಂಡಗೆ ಅಗಲಿಸಿ, 5 ಎಣಿಸಿ, ಬಿಡಿ.

3. ತೋರುಬೆರಳನ್ನು ಹೆಬ್ಬೆರಳಿನ ಕಡೆಗೆ ಸರಿಸುತ್ತಾ, ಇನ್ನೊಂದು ಕೈಯಿಂದ ಹಗುರಾಗಿ ತಡೆಯಿರಿ.

ಕೊನೆಯ ಎರಡನ್ನೂ ಹತ್ತತ್ತು ಸಲ ಮಾಡಿ. ನೋವು ಜಾಸ್ತಿಯಾದರೆ ನಿಲ್ಲಿಸಿ.

ಪಟ್ಟಿಗೆ ತಾಳ್ಮೆ ಬೇಕು

ಹೆಬ್ಬೆರಳನ್ನು ಆಧರಿಸುವ ಪಟ್ಟಿ, ಅಂದರೆ ಸ್ಪ್ಲಿಂಟ್, ಕೊಂಡು ನಾಲ್ಕು ವಾರ ಕಟ್ಟಿ, "ಏನೂ ಪ್ರಯೋಜನವಿಲ್ಲ" ಎಂದು ಮೂಲೆಗೆಸೆಯುವವರಿದ್ದಾರೆ. ಫ್ರಾನ್ಸಿನಲ್ಲಿ 112 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ರಾತ್ರಿ ಪಟ್ಟಿ ಕಟ್ಟಿದವರಿಗೆ ಮೊದಲ ತಿಂಗಳಲ್ಲಿ ಹೆಚ್ಚಿನ ಗುಣ ಕಾಣಲಿಲ್ಲ, ಆದರೆ 12 ತಿಂಗಳ ಹೊತ್ತಿಗೆ ಕಟ್ಟದವರಿಗಿಂತ ನೋವು ಸ್ಪಷ್ಟವಾಗಿ ಕಡಿಮೆಯಾಗಿತ್ತು. ಸವೆದದ್ದು ಮತ್ತೆ ಬೆಳೆಯದು, ಆದರೆ ನೋವು ಹತೋಟಿಗೆ ಬರುತ್ತದೆ.

ಪಟ್ಟಿ ನಿಮ್ಮ ಕೈಯ ಅಳತೆಗೇ ಕೂರಬೇಕು. ಅದಕ್ಕಾಗಿ ವೈದ್ಯರನ್ನೂ ಫಿಸಿಯೋಥೆರಪಿಸ್ಟರನ್ನೂ ಕಾಣಿ. ದಕ್ಷಿಣ ಬೆಂಗಳೂರಿನವರಿಗೆ ಬೈರಸಂದ್ರದಲ್ಲಿ ಸರ್ಕಾರದ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆಯಿದೆ. ನೀವು ನಿಮ್ಮ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ವಿಚಾರಿಸಿ. ಕೀಲು ಕೆಂಪಗಾಗಿ ಊದಿಕೊಂಡು ಬಿಸಿಯಾದರೆ, ಬೆರಳು ಜೋಮು ಹಿಡಿದರೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ತಡಮಾಡಬೇಡಿ. ಅದು ಬೇರೆ ಕಾಯಿಲೆಯೂ ಇರಬಹುದು.

ಮನೆಮಂದಿಗೆಲ್ಲ ಬಡಿಸುವ ಕೈ ಅದು. ಅದಕ್ಕೂ ದಿನವೂ ಸ್ವಲ್ಪ ಹೊತ್ತು ಎತ್ತಿಡಿ.